ಒಂಟಿ ಬೆನ್ನಿನ ಲೆಕ್ಕ

ನಾಲ್ಕು ಜನ ಕೂಡಿ ಕಾಡಂಚಿಗೆ ಹೊರಟರೆ ಸಾಮಾನು ತಾನಾಗಿಯೇ ಹಂಚಿಹೋಗುತ್ತದೆ. ಒಬ್ಬರ ಬೆನ್ನಿಗೆ ಟೆಂಟಿನ ಬಟ್ಟೆ, ಇನ್ನೊಬ್ಬರಿಗೆ ಅದರ ಕೋಲು, ಮೂರನೆಯವರಿಗೆ ಒಲೆ, ನಾಲ್ಕನೆಯವರಿಗೆ ಪಾತ್ರೆ. ಟಾರ್ಚ್ ಮರೆತರೆ ಪಕ್ಕದವರದ್ದು ಇದ್ದೇ ಇರುತ್ತದೆ. ಖರ್ಚೂ ಹಾಗೆಯೇ, ಎಂಟು ಸಾವಿರದ ಟೆಂಟು ತಲೆಗೆ ಎರಡು ಸಾವಿರ. ಒಬ್ಬರೇ ಹೊರಟರೆ ಈ ಭಾಗಾಕಾರವೇ ಇಲ್ಲ. ಸೂರು, ಹಾಸಿಗೆ, ಊಟ, ಬೆಳಕು, ಔಷಧಿ ಎಲ್ಲವೂ ಒಂದೇ ಜೇಬಿನಿಂದ ಬಂದು ಒಂದೇ ಬೆನ್ನಿನ ಮೇಲೆ ಕೂರುತ್ತವೆ. ಗುಂಪಿನವರ ಪಟ್ಟಿ ಹಿಡಿದು ಅಂಗಡಿಗೆ ಹೋದ ಒಂಟಿ ಪ್ರವಾಸಿಗೆ ಹಣವೂ ಹೋಗುತ್ತದೆ, ಭುಜವೂ ಹೋಗುತ್ತದೆ.

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹನ್ನೊಂದು ವರ್ಷದ ಹಿಂದೆ, ಒಬ್ಬಳೇ ಎಲ್ಲಾದರೂ ಒಂದು ರಾತ್ರಿ ಬಯಲಲ್ಲಿ ಮಲಗಿ ಬರಬೇಕು ಎಂಬ ಆಸೆ ಹುಟ್ಟಿದಾಗ ನಾನು ಮಾಡಿದ ಮೊದಲ ಕೆಲಸ ಟೆಂಟು ಕೊಂಡದ್ದು. ಆನ್‌ಲೈನ್‌ನಲ್ಲಿ, ಎರಡು ಸಾವಿರದೊಳಗೆ ಸಿಕ್ಕಿತು. ‘ನಾಲ್ಕು ಜನರಿಗೆ, ವಾಟರ್‌ಪ್ರೂಫ್’ ಎಂದು ಬರೆದಿತ್ತು. ನಾಲ್ವರಿಗೆ ಸಾಕಾಗುವುದು ಒಬ್ಬಳಿಗೆ ಧಾರಾಳವಾಯಿತಲ್ಲ ಎಂದುಕೊಂಡೆ. ಸಕಲೇಶಪುರದ ಹತ್ತಿರ ಗೆಳತಿಯ ಮನೆಯವರ ಕಾಫಿ ತೋಟದಲ್ಲಿ, ಮನೆಯ ಕಣದ ಪಕ್ಕ, ಅಕ್ಟೋಬರ್ ಕೊನೆಯಲ್ಲಿ ಅದನ್ನು ನಿಲ್ಲಿಸಿದೆ. ರಾತ್ರಿ ಹಿಂಗಾರಿನ ಒಂದು ಮಳೆ ಹೊಡೆಯಿತು. ಮೂರು ಗಂಟೆಯ ಹೊತ್ತಿಗೆ ಹೊಲಿಗೆಯ ಸಾಲುಗುಂಟ ನೀರು ಇಳಿದು ಮೂಲೆಯಲ್ಲಿ ನಿಂತಿತು. ಒದ್ದೆ ಬೆಡ್‌ಶೀಟು ಬಿಟ್ಟು, ಉಟ್ಟ ಬಟ್ಟೆಯಲ್ಲೇ ಗೋದಾಮಿಗೆ ಓಡಿದೆ. ಅಲ್ಲಿ ಕೊಯ್ಲಿಗೆಂದು ತಂದಿಟ್ಟಿದ್ದ ಖಾಲಿ ಗೋಣಿಚೀಲಗಳ ರಾಶಿ. ಅದರ ಮೇಲೆ ಒರಗಿದ್ದೇ ತಡ, ಬೆಳಗಿನವರೆಗೆ ನಿದ್ದೆ.

ಮರುದಿನ ಬಸ್ಸಿನಲ್ಲಿ ಕೂತು ಯೋಚಿಸಿದೆ. ನೀರು ಒಳಗೆ ಬಂದದ್ದು ಮೂರು ಗಂಟೆಗೆ, ನಿಜ. ಆದರೆ ನಾನು ಎಚ್ಚರವಾಗಿದ್ದದ್ದು ಹನ್ನೊಂದೂವರೆಯಿಂದ. ಮಳೆ ಬರುವ ಮುಂಚೆಯೇ ಬೆನ್ನು, ಸೊಂಟ, ಮಂಡಿ ತಣ್ಣಗಾಗಿ ಮಗ್ಗುಲು ಬದಲಿಸುತ್ತಾ ಕಳೆದಿದ್ದೆ. ಟೆಂಟಿನೊಳಗೆ ಬರದ ನಿದ್ದೆ, ಹೊದಿಕೆಯೇ ಇಲ್ಲದ ಗೋದಾಮಿನಲ್ಲಿ ಬಂದದ್ದು ಹೇಗೆ? ಬೆನ್ನಿನ ಕೆಳಗೆ ಅರ್ಧ ಅಡಿ ಗೋಣಿ ಇತ್ತು, ಅಷ್ಟೆ. ಮಳೆಯಿಂದ ಕಾಪಾಡುವ ಸೂರಿಗೆ ನನ್ನ ಹಣವನ್ನೆಲ್ಲ ಸುರಿದು, ನೆಲದಿಂದ ಕಾಪಾಡುವ ಹಾಸಿಗೆಗೆ ಒಂದು ರೂಪಾಯಿಯನ್ನೂ ಇಟ್ಟಿರಲಿಲ್ಲ.

ಅಂದಿನಿಂದ ನಾನು ಹೊಸಬರಿಗೆ ಹೇಳುವುದು ಇದೊಂದೇ. ಕೆಳಗಿನಿಂದ ಮೇಲಕ್ಕೆ ಕೊಳ್ಳುತ್ತಾ ಬನ್ನಿ. ಮೊದಲು ನೆಲಕ್ಕೆ, ಆಮೇಲೆ ಹೊದಿಕೆಗೆ, ಆಮೇಲೆ ಸೂರಿಗೆ, ಎಲ್ಲಕ್ಕೂ ಕೊನೆಗೆ ಬೆನ್ನಚೀಲಕ್ಕೆ. ಅಂಗಡಿಗಳು ಇದನ್ನು ತಿರುವುಮುರುವಾಗಿ ಮಾರುತ್ತವೆ. ಬಾಗಿಲಲ್ಲೇ ಬಣ್ಣಬಣ್ಣದ ಟೆಂಟು ನಿಲ್ಲಿಸಿರುತ್ತಾರೆ, ಹಾಸಿಗೆ ಒಳಗೆ ಮೂಲೆಯಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ.

ನೆಲ ಯಾಕೆ ಅಷ್ಟು ಚಳಿ ಕೊಡುತ್ತದೆ? ಗಾಳಿಗಿಂತ ಮಣ್ಣು, ಅದರಲ್ಲೂ ಒದ್ದೆ ಮಣ್ಣು, ಮೈಯ ಶಾಖವನ್ನು ಬಹಳ ಬೇಗ ಹೀರುತ್ತದೆ. ಎಷ್ಟೇ ದಪ್ಪದ ಸ್ಲೀಪಿಂಗ್ ಬ್ಯಾಗ್ ಹಾಸಿದರೂ ನಮ್ಮ ಭಾರಕ್ಕೆ ಅದರ ಪದರ ಅಮುಕಿಹೋಗಿ, ಒಳಗೆ ಹಿಡಿದಿಟ್ಟ ಗಾಳಿ ಹೊರಟುಹೋಗುತ್ತದೆ. ಬೆಚ್ಚಗಿಡುವುದು ಬಟ್ಟೆಯಲ್ಲ, ಆ ಗಾಳಿ. ಅದಕ್ಕೇ ಅಮುಕಿದರೂ ಗಾಳಿ ಬಿಡದ ಫೋಮ್ ಮ್ಯಾಟ್ ಬೇಕು. ಒಳಗಿನ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವ ಗಟ್ಟಿ ಜಾತಿಯ ಫೋಮು ಅದು, ನೀರು ಕುಡಿಯುವುದಿಲ್ಲ. ನನ್ನದು 500 ರೂಪಾಯಿಯದ್ದು, ತೂಕ ಸುಮಾರು 400 ಗ್ರಾಂ. ಗಾಳಿ ತುಂಬುವ ದಿಂಬಿನಂಥ ಮ್ಯಾಟುಗಳು ಮೆತ್ತಗಿರುತ್ತವೆ, ಚಿಕ್ಕದಾಗಿ ಮಡಚಬಹುದು. ಆದರೆ ಅಗ್ಗದ ಅಂಥ ಮ್ಯಾಟು ರಾತ್ರಿ ತೂತಾದರೆ ಒಂಟಿಯಾಗಿದ್ದವರಿಗೆ ಬೇರೆ ದಾರಿಯಿಲ್ಲ. ಫೋಮನ್ನು ಮುಳ್ಳಿನ ಮೇಲೆ ಹಾಸಿದರೂ ಅದು ಫೋಮೇ.

ಮ್ಯಾಟಿನ ಶಾಖ ತಡೆಯುವ ಶಕ್ತಿಯನ್ನು ಆರ್-ವ್ಯಾಲ್ಯೂ ಎಂಬ ಅಂಕಿಯಲ್ಲಿ ಹೇಳುತ್ತಾರೆ. ಅಂಕಿ ಹೆಚ್ಚಿದಷ್ಟೂ ಬೆಚ್ಚಗೆ. ಇದರ ಗುಣವೆಂದರೆ ಒಂದರ ಮೇಲೊಂದು ಹಾಸಿದರೆ ಅಂಕಿಗಳು ಕೂಡುತ್ತವೆ. ಹಾಗಾಗಿ ಡಿಸೆಂಬರಿನಲ್ಲಿ ಹೊಸ ಮ್ಯಾಟು ಕೊಳ್ಳುವ ಅಗತ್ಯವಿಲ್ಲ, ಇದ್ದುದರ ಕೆಳಗೆ ಇನ್ನೊಂದು ಪದರ ಸೇರಿಸಿದರಾಯಿತು. ಕಾರಿನ ಗಾಜಿಗೆ ಅಡ್ಡ ಇಡುವ ಬೆಳ್ಳಿ ಬಣ್ಣದ ಹಾಳೆಯನ್ನು ನಾನು ಅರ್ಧಕ್ಕೆ ಕತ್ತರಿಸಿ ಸೊಂಟದ ಕೆಳಗೆ ಹಾಕಿಕೊಳ್ಳುತ್ತೇನೆ. ರೈತರ ಕಣದಲ್ಲಿ ಮಲಗುವ ಅವಕಾಶವಿದ್ದರೆ, ಕೇಳಿ ಒಂದು ಹೊರೆ ಒಣ ಭತ್ತದ ಹುಲ್ಲು ಹಾಸಿಕೊಳ್ಳಿ. ಟೊಳ್ಳು ಕಡ್ಡಿಗಳ ತುಂಬ ಗಾಳಿ, ಅದಕ್ಕೆ ಸಮನಾದ ಹಾಸಿಗೆ ಯಾವ ಅಂಗಡಿಯಲ್ಲೂ ಇಲ್ಲ.

ಹೊದಿಕೆಯ ವಿಷಯಕ್ಕೆ ಬಂದರೆ ಮೋಸ ಹೋಗುವುದು ಅಂಕಿಗಳಲ್ಲಿ. ಸ್ಲೀಪಿಂಗ್ ಬ್ಯಾಗಿನ ಮೇಲೆ ‘5 ಡಿಗ್ರಿ’ ಎಂದು ದೊಡ್ಡದಾಗಿ ಬರೆದಿರುತ್ತದೆ. ಯಾವ 5 ಡಿಗ್ರಿ? ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಮೂರು ಅಂಕಿಗಳಿವೆ. ‘ಕಂಫರ್ಟ್’ ಎಂದರೆ ಸಾಮಾನ್ಯ ಹೆಂಗಸೊಬ್ಬಳು ಆರಾಮವಾಗಿ ಕಾಲು ಚಾಚಿ ಮಲಗಬಲ್ಲ ಉಷ್ಣಾಂಶ. ‘ಲಿಮಿಟ್’ ಎಂದರೆ ಗಂಡಸೊಬ್ಬ ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಉಷ್ಣಾಂಶ. ‘ಎಕ್ಸ್‌ಟ್ರೀಮ್’ ಎಂಬುದು ಜೀವ ಉಳಿಯುವುದರ ಲೆಕ್ಕ, ನಿದ್ದೆಯದ್ದಲ್ಲ. ಅಗ್ಗದ ಬ್ಯಾಗುಗಳಲ್ಲಿ ದೊಡ್ಡದಾಗಿ ಅಚ್ಚಾಗುವುದು ಎಷ್ಟೋ ಸಲ ಕೊನೆಯ ಎರಡರಲ್ಲಿ ಒಂದು. ಹೆಂಗಸರು ಕಂಫರ್ಟ್ ಅಂಕಿ ಬಿಟ್ಟು ಬೇರೇನನ್ನೂ ನೋಡಬಾರದು. ಅದು ಬರೆದಿರದಿದ್ದರೆ ಆ ಬ್ಯಾಗನ್ನು ಅಲ್ಲೇ ಬಿಡಿ.

ಮಲೆನಾಡಿನ ಚಳಿಗಾಲಕ್ಕೆ ಕಂಫರ್ಟ್ 10ರಿಂದ 15 ಡಿಗ್ರಿಯ ಬ್ಯಾಗು ಸಾಕು. ನನ್ನದಕ್ಕೆ 1,500 ಕೊಟ್ಟೆ, ತೂಗುವುದು 1.2 ಕೆಜಿ. ಅದರ ಒಳಗೆ ಅಮ್ಮನ ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ, ಎರಡು ಕಡೆ ಹೊಲಿದು ಮಾಡಿದ ಚೀಲವಿದೆ. ಮೈಯ ಬೆವರು, ಎಣ್ಣೆ ಬ್ಯಾಗಿಗೆ ತಾಗುವುದಿಲ್ಲ. ಬ್ಯಾಗು ಒಗೆಯುವ ಬದಲು ಸೀರೆ ಒಗೆದರೆ ಸಾಕು, ಇದರಿಂದ ಬ್ಯಾಗಿನ ಆಯಸ್ಸೂ ಹೆಚ್ಚು. ಸೆಕೆಯ ರಾತ್ರಿಗೆ ಆ ಸೀರೆಯ ಚೀಲವೊಂದೇ ಹೊದಿಕೆ. ರೇಷ್ಮೆಯದ್ದಾದರೆ ಇನ್ನೂ ಹಗುರ, ಇನ್ನೂ ಬೆಚ್ಚಗೆ.

ಇಲ್ಲಿ ಕಂಬಳಿಯ ಮಾತು ಬರಲೇಬೇಕು. ಕರ್ನಾಟಕದಲ್ಲಿ ಬಯಲಲ್ಲಿ ಮಲಗುವ ವಿದ್ಯೆಯನ್ನು ಪೂರ್ತಿ ಬಲ್ಲವರು ಟ್ರೆಕ್ಕಿಂಗ್ ಮಾಡುವ ನಾವಲ್ಲ, ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾಹಿಗಳು. ತಿಂಗಳುಗಟ್ಟಲೆ ಊರು ಬಿಟ್ಟು, ಕುದುರೆಯ ಮೇಲೆ ಸಂಸಾರ ಹೇರಿಕೊಂಡು, ಪ್ರತಿ ರಾತ್ರಿ ಬೇರೊಂದು ಹೊಲದಲ್ಲಿ ಹಟ್ಟಿ ಹಾಕುವ ಜನ. ಅವರ ಬಳಿ ಹಾಸಲಿಕ್ಕೊಂದು, ಹೊದೆಯಲಿಕ್ಕೊಂದು, ಮಳೆಗೊಂದು ಎಂದು ಮೂರು ಸಾಮಾನಿಲ್ಲ. ಕಂಬಳಿಯೇ ಹಾಸಿಗೆ, ಕಂಬಳಿಯೇ ಹೊದಿಕೆ, ಮೂಲೆ ಮಡಚಿ ತಲೆಗೆ ಹಾಕಿದರೆ ಅದೇ ಕೊಪ್ಪೆ. ದಖ್ಖನಿ ಕುರಿಯ ಒರಟು ಉಣ್ಣೆ, ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ ನೂಲು, ದಟ್ಟ ನೇಯ್ಗೆ. ಮಳೆಹನಿ ಮೇಲಿಂದ ಜಾರುತ್ತದೆ, ನೆನೆದರೂ ಉಣ್ಣೆ ಹತ್ತಿಯ ಹಾಗೆ ಪೂರ್ತಿ ತಣ್ಣಗಾಗುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಈ ಕಂಬಳಿಗೆ ಹೆಸರಾದ ಊರು. ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತುವವರಿಗೆ ಕಂಬಳಿ ಭಾರವೆಂಬುದು ನಿಜ. ಆದರೆ ಬೈಕಿನಲ್ಲೋ ಬಸ್ಸಿನಲ್ಲೋ ಹೋಗಿ ಒಂದೇ ಕಡೆ ಎರಡು ರಾತ್ರಿ ಇರುವವರು ಸ್ಲೀಪಿಂಗ್ ಬ್ಯಾಗಿನ ಯೋಚನೆ ಬಿಟ್ಟು ಒಂದು ಒಳ್ಳೆಯ ಕಂಬಳಿ ಕೊಳ್ಳಲಿ. ಆ ಹಣ ನೇಯ್ದವರ ಕೈ ಸೇರುತ್ತದೆ, ಕಂಬಳಿ ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಈಗ ಸೂರು. ಎಲ್ಲರೂ ಮೊದಲು ಕೊಳ್ಳುವ ಟೆಂಟನ್ನು, ಸಕಲೇಶಪುರದ ಆ ರಾತ್ರಿಯ ಮೇಲೆ, ನಾನು ಆರು ವರ್ಷ ಮತ್ತೆ ಕೊಳ್ಳಲೇ ಇಲ್ಲ. ಅಷ್ಟು ದಿನ ನನ್ನ ತಲೆಯ ಮೇಲಿದ್ದದ್ದು ಸಿಲ್ಪಾಲಿನ್. ಅಡಿಕೆ ಒಣಗಿಸುವವರು, ಹುಲ್ಲಿನ ಬಣವೆ ಮುಚ್ಚುವವರು ಕೊಳ್ಳುವ ಅದೇ ಹಾಳೆ, ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥದ್ದು. ಅದನ್ನು ಮಾರುವುದು ಜಿಎಸ್‌ಎಂ ಲೆಕ್ಕದಲ್ಲಿ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. ಒಂಟಿ ಪ್ರವಾಸಿಗೆ ಇದಕ್ಕಿಂತ ಅನುಕೂಲದ ಅಳತೆಯಿಲ್ಲ, ಅಂಗಡಿಯಲ್ಲೇ ನಿಂತು ಬೆನ್ನಿನ ಭಾರ ಗುಣಿಸಬಹುದು. 12 ಅಡಿ ಉದ್ದ, 9 ಅಡಿ ಅಗಲದ ಹಾಳೆ ಹತ್ತು ಚದರ ಮೀಟರ್ ಆಗುತ್ತದೆ. 90 ಜಿಎಸ್‌ಎಂ ಆದರೆ 900 ಗ್ರಾಂ. ನಾನು ಕೊಟ್ಟದ್ದು 850 ರೂಪಾಯಿ. ಬಣವೆಗೆ ಬೇಕಾದ 200 ಜಿಎಸ್‌ಎಂ ನಮಗೆ ಬೇಡ, ಒಂದು ರಾತ್ರಿಯ ಮಳೆಗೆ ತೆಳುವಾದದ್ದೇ ಸಾಕು.

ಕಟ್ಟುವುದು ಸುಲಭ. ಎರಡು ಮರಗಳ ನಡುವೆ ಎದೆಮಟ್ಟಕ್ಕೆ ಹಗ್ಗ ಬಿಗಿದು, ಹಾಳೆಯನ್ನು ಅದರ ಮೇಲೆ ಮಧ್ಯಕ್ಕೆ ಹಾಕಿ, ಎರಡೂ ಬದಿ ನೆಲಕ್ಕೆ ಎಳೆದು ಗೂಟ ಹೊಡೆದರೆ ಹಳೆಯ ಕಾಲದ ಗುಡಿಸಲಿನ ಮಾಡಿನ ಆಕಾರ. ಒಂದು ಸೂಕ್ಷ್ಮವಿದೆ. ಮಳೆನೀರು ಹಗ್ಗದ ಗುಂಟ ಹರಿದು ಒಳಗೆ ಬರುತ್ತದೆ. ಹಾಳೆಯ ಅಂಚಿನಿಂದ ಒಂದು ಗೇಣು ಆಚೆ, ಹಗ್ಗಕ್ಕೆ ಸಣ್ಣ ದಾರವೊಂದನ್ನು ಕಟ್ಟಿ ಇಳಿಬಿಡಿ. ನೀರು ಆ ದಾರ ಹಿಡಿದು ಅಲ್ಲೇ ತೊಟ್ಟಿಕ್ಕುತ್ತದೆ. ಸೊಳ್ಳೆ, ಹುಳಹುಪ್ಪಟೆಗೆ ಚಿಕ್ಕಪೇಟೆಯಲ್ಲಿ ಕೊಂಡ ಒಬ್ಬರ ಮಂಚದ ಸೊಳ್ಳೆಪರದೆ, 350 ರೂಪಾಯಿ. ಅದನ್ನು ಅದೇ ಹಗ್ಗಕ್ಕೆ ಕಟ್ಟಿ, ಕೆಳಗಿನ ಅಂಚನ್ನು ಮ್ಯಾಟಿನ ಅಡಿಗೆ ಪೂರ್ತಿ ಸಿಕ್ಕಿಸಬೇಕು. ಹಾವಿನ ಭಯಕ್ಕೂ ಅದೇ ಉತ್ತರ. ಒಂದೇ ಪದರದ ಅಗ್ಗದ ಟೆಂಟಿನಲ್ಲಿ ಬೆಳಗಾಗುವ ಹೊತ್ತಿಗೆ ನಮ್ಮದೇ ಉಸಿರಿನ ಆವಿ ಬಟ್ಟೆಗೆ ತಾಗಿ ನೀರಾಗಿ ಮೈಮೇಲೆ ಬೀಳುತ್ತದೆ. ಎಷ್ಟೋ ಜನ ಅದನ್ನು ಸೋರಿಕೆ ಎಂದುಕೊಳ್ಳುತ್ತಾರೆ. ಎರಡೂ ತುದಿ ತೆರೆದ ಸಿಲ್ಪಾಲಿನ್ನಿನಲ್ಲಿ ಗಾಳಿ ಆಡುವುದರಿಂದ ಆ ಕಾಟ ಕಡಿಮೆ.

ಹಾಗಾದರೆ ಟೆಂಟು ಬೇಡವೇ? ಮರಗಳಿಲ್ಲದ, ಗಾಳಿ ಬಡಿಯುವ ಬೋಳು ಗುಡ್ಡದಲ್ಲಿ ಬೇಕು. ಬಟ್ಟೆ ಬದಲಿಸಲು ಮರೆ ಬೇಕೆನ್ನುವವರಿಗೆ ಬೇಕು, ಹೆಂಗಸರಿಗೆ ಇದು ಸಣ್ಣ ವಿಷಯವಲ್ಲ. ಕೊಳ್ಳುವಾಗ ‘ಇಬ್ಬರಿಗೆ’ ಎಂದಿರುವುದನ್ನೇ ಕೊಳ್ಳಿ. ಅಂಗಡಿಯವರ ಲೆಕ್ಕದಲ್ಲಿ ಇಬ್ಬರೆಂದರೆ ಭುಜಕ್ಕೆ ಭುಜ ತಾಗಿಸಿ ಮಲಗುವ ಇಬ್ಬರು, ಒಬ್ಬರು ಮತ್ತು ಒಬ್ಬರ ಚೀಲಕ್ಕೆ ಅದು ಸರಿಹೋಗುತ್ತದೆ. ಒಳಗೆ ಬಲೆಯ ಪದರ, ಹೊರಗೆ ಮಳೆಯ ಪದರ ಬೇರೆಬೇರೆ ಇರಬೇಕು. ಹೊಲಿಗೆಗಳ ಮೇಲೆ ಟೇಪು ಅಂಟಿಸಿರಬೇಕು, ನನ್ನ ಮೊದಲ ಟೆಂಟಿಗೆ ಇಲ್ಲದೇ ಹೋದದ್ದು ಅದೇ. ನೀರು ತಡೆಯುವ ಶಕ್ತಿಯನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ, ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೆ ಸೋರಲು ಶುರುವಾಗುತ್ತದೆ ಎಂಬ ಲೆಕ್ಕ. ಮೇಲಿನ ಬಟ್ಟೆಗೆ 2,000 ಇದ್ದರೆ ಹಿಂಗಾರಿನ ಮಳೆಗೆ ನಿಶ್ಚಿಂತೆ. ಮನೆಗೆ ತಂದ ಮೇಲೆ ಪೂರ್ತಿ ಒಣಗಿಸದೆ ಮಡಚಿಟ್ಟರೆ ಒಳಗಿನ ಲೇಪ ಅಂಟಂಟಾಗಿ, ಹುಳಿ ವಾಸನೆ ಬಂದು, ಕೊನೆಗೆ ಸಿಪ್ಪೆಯೇಳುತ್ತದೆ. ಅಗ್ಗದ ಟೆಂಟು ಬೇಗ ಹಾಳಾಗುವುದು ಕಾಡಿನಲ್ಲಲ್ಲ, ಮನೆಯ ಅಟ್ಟದ ಮೇಲೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಟೆಂಟನ್ನೂ ನಂಬಬೇಡಿ. ಆ ನಾಲ್ಕು ತಿಂಗಳು ಹೆಂಚಿನ ಮನೆಯ ಜಗಲಿಯೇ ಸರಿ.

ಕಡಿಮೆ ಸಾಮಾನಿನ ಮಾತು ಬಂದಾಗಲೆಲ್ಲ ನನಗೆ ಎಮ್ಮಾ ಗೇಟ್‌ವುಡ್ ನೆನಪಾಗುತ್ತಾರೆ. ಅಮೆರಿಕದ ಒಹಾಯೊ ರಾಜ್ಯದ ಹಳ್ಳಿಯ ಹೆಂಗಸು, ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, ತಮ್ಮ 67ನೇ ವಯಸ್ಸಿನಲ್ಲಿ, ಜಾರ್ಜಿಯಾದಿಂದ ಮೇನ್‌ವರೆಗಿನ ಅಪಲಾಚಿಯನ್ ಟ್ರೇಲ್ ಎಂಬ ಸುಮಾರು 3,300 ಕಿಲೋಮೀಟರಿನ ಬೆಟ್ಟದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಒಂದೇ ಋತುವಿನಲ್ಲಿ ಆ ದಾರಿಯನ್ನು ಒಂಟಿಯಾಗಿ ಪೂರೈಸಿದ ಮೊದಲ ಮಹಿಳೆ ಅವರೇ. ಟೆಂಟು ಇರಲಿಲ್ಲ, ಸ್ಲೀಪಿಂಗ್ ಬ್ಯಾಗ್ ಇರಲಿಲ್ಲ. ಡೆನಿಮ್ ಬಟ್ಟೆಯಿಂದ ತಾವೇ ಹೊಲಿದ ಒಂದು ಚೀಲ, ಒಂದು ಕಂಬಳಿ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ, ಕಾಲಿಗೆ ಕ್ಯಾನ್ವಾಸ್ ಬೂಟು. ಹಿಂದಿನ ವರ್ಷ ಅದೇ ದಾರಿಯನ್ನು ಇನ್ನೊಂದು ತುದಿಯಿಂದ ಹಿಡಿದು, ದಾರಿ ತಪ್ಪಿ ವಾಪಸಾಗಿದ್ದರು ಎಂಬುದನ್ನೂ ಹೇಳಬೇಕು. ಎರಡನೇ ಸಲ ಅವರು ದುಬಾರಿ ಸಾಮಾನು ಕೊಂಡು ಬರಲಿಲ್ಲ. ಹಿಂದಿನ ವರ್ಷದ ತಪ್ಪು ತಿಳಿದುಕೊಂಡು ಬಂದರು.

ಒಲೆಯನ್ನು ನಾನು ಒಯ್ಯುವುದೇ ಇಲ್ಲ. ಗ್ಯಾಸ್ ಡಬ್ಬಿ, ಬರ್ನರ್, ಪಾತ್ರೆ, ಬೆಂಕಿಪೊಟ್ಟಣ, ತೊಳೆಯುವ ಸೋಪು ಎಲ್ಲ ಸೇರಿ ಒಂದು ಕೆಜಿಯ ಹತ್ತಿರ ಬರುತ್ತದೆ. ರೈಲಿನಲ್ಲೂ ವಿಮಾನದಲ್ಲೂ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ. ಟೆಂಟಿನೊಳಗೆ ಒಲೆ ಹಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಮಲಗಿದಲ್ಲೇ ಜೀವ ಹೋಗಬಹುದು, ಅದಕ್ಕೆ ವಾಸನೆಯೂ ಇಲ್ಲ, ಎಚ್ಚರಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಒಲೆಯಿಲ್ಲದೆ ಎರಡು ದಿನ ಹೊಟ್ಟೆ ತುಂಬಿಸುವ ಊಟ ನಮ್ಮಲ್ಲಿ ಇದ್ದಷ್ಟು ಬೇರೆಲ್ಲಿದೆ? ತೆಳು ಅವಲಕ್ಕಿಗೆ ತಣ್ಣೀರು ಚಿಮುಕಿಸಿದರೆ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ, ಮೇಲೆ ಗೊಜ್ಜವಲಕ್ಕಿಯ ಪುಡಿ ಉದುರಿಸಿದರಾಯಿತು. ಹುರಿಹಿಟ್ಟಿಗೆ ಬೆಲ್ಲ, ನೀರು. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಜೊತೆಗೆ ಶೇಂಗಾ ಚಟ್ನಿಪುಡಿ, ಒಂದು ಈರುಳ್ಳಿ. ತಂಬಿಟ್ಟು, ಕಡಲೆಮಿಠಾಯಿ. ಹಿಂದಿನವರು ಬುತ್ತಿ ಕಟ್ಟಿಕೊಂಡು ಜಾತ್ರೆಗೆ, ಸಂತೆಗೆ ನಡೆದು ಹೋಗುತ್ತಿದ್ದಾಗ ರೂಢಿಸಿದ ಅಡುಗೆ ಇದು, ಹೊತ್ತು ನಡೆಯುವವರಿಗೆಂದೇ ಹುಟ್ಟಿದ್ದು. ಬೆಳಗಿನ ಕಾಫಿ ಮಾತ್ರ ತಪ್ಪುತ್ತದೆ. ಅದಕ್ಕೆ ಹಿಂದಿನ ಸಂಜೆ ಹಳ್ಳಿಯ ಹೋಟೆಲಿನಲ್ಲಿ ಫ್ಲಾಸ್ಕಿಗೆ ತುಂಬಿಸಿಕೊಂಡರೆ ಮುಂಜಾನೆಗೂ ಉಗುರುಬೆಚ್ಚಗಿರುತ್ತದೆ.

ಚೀಲವನ್ನು ಕೊನೆಗೆ ಕೊಳ್ಳಿ ಎಂದದ್ದು ಯಾಕೆಂದರೆ, ಸಾಮಾನು ಎಷ್ಟಿದೆ ಎಂದು ತಿಳಿಯುವ ಮುಂಚೆ ದೊಡ್ಡ ಚೀಲ ತಂದರೆ ಅದನ್ನು ತುಂಬಿಸಲಿಕ್ಕೆಂದೇ ಸಾಮಾನು ಹುಟ್ಟುತ್ತದೆ. ಇಲ್ಲಿಯವರೆಗೆ ಹೇಳಿದ್ದೆಲ್ಲ 40-45 ಲೀಟರಿನಲ್ಲಿ ಹಿಡಿಯುತ್ತದೆ. ಕತ್ತು ಬಗ್ಗಿಸಿದಾಗ ಎದ್ದು ಕಾಣುವ ಮೂಳೆಯಿಂದ ಸೊಂಟದೆಲುಬಿನ ಮೇಲಂಚಿನ ಸಾಲಿನವರೆಗೆ ಬೆನ್ನನ್ನು ಟೇಪಿನಲ್ಲಿ ಅಳೆದು, ಆ ಅಳತೆಗೆ ಸರಿಯಾದದ್ದನ್ನು ಆರಿಸಿ. ಭಾರ ಕೂರಬೇಕಾದದ್ದು ಸೊಂಟದ ಪಟ್ಟಿಯ ಮೇಲೆ. ಭುಜದ ಪಟ್ಟಿ ಚೀಲ ಹಿಂದಕ್ಕೆ ವಾಲದಂತೆ ಹಿಡಿಯಲಿಕ್ಕೆ ಮಾತ್ರ. ಬೆಂಗಳೂರಿನಲ್ಲೇ ಹುಟ್ಟಿದ ವೈಲ್ಡ್‌ಕ್ರಾಫ್ಟ್, 2009ರಲ್ಲಿ ಇದೇ ಊರಿನಿಂದ ಭಾರತದ ವ್ಯಾಪಾರ ಶುರು ಮಾಡಿದ ಫ್ರಾನ್ಸಿನ ಡೆಕಾಥ್ಲಾನ್ ಇವುಗಳಿಂದಾಗಿ ಚೀಲಗಳು ಈಗ ಕೈಗೆಟುಕುವಂತಾಗಿವೆ. ಒಂದೆರಡು ಸಲ ಹೋಗಿ ಉತ್ಸಾಹ ಕಳೆದುಕೊಂಡವರು ಅವನ್ನೇ ಅರ್ಧ ಬೆಲೆಗೆ ಮಾರುತ್ತಿರುತ್ತಾರೆ. ನನ್ನದು ಹಾಗೆ 1,200ಕ್ಕೆ ಸಿಕ್ಕಿದ್ದು. ಹಳೆಯದು ಕೊಳ್ಳುವಾಗ ಜಿಪ್, ಬಕಲ್, ಭುಜದ ಪಟ್ಟಿಯ ಬುಡದ ಹೊಲಿಗೆ ಈ ಮೂರನ್ನು ಎಳೆದು ನೋಡಿ. ಮಳೆಗೆ ಹೊರಗಿನ ಕವರಿಗಿಂತ, ಚೀಲದ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು ಅದರಲ್ಲಿ ಸಾಮಾನು ತುಂಬುವುದು ಭದ್ರ.

ಹಗ್ಗ-ಗೂಟಕ್ಕೆ 200, ತಲೆಗೆ ಕಟ್ಟುವ ಟಾರ್ಚಿಗೆ 500 ಸೇರಿಸಿದರೆ ನನ್ನ ಒಟ್ಟು ಖರ್ಚು 5,100 ರೂಪಾಯಿ. ಒಂದೇ ಸಲಕ್ಕೆ ಅಲ್ಲ, ಎರಡು ವರ್ಷದಲ್ಲಿ. ಈಗ ಬೆಲೆ ಒಂದಿಷ್ಟು ಏರಿರಬಹುದು. ನೀರು, ಬುತ್ತಿ, ಬಟ್ಟೆ ಬಿಟ್ಟು ಬೆನ್ನಿನ ಮೇಲೆ ಐದು ಕೆಜಿಯ ಒಳಗೇ. ಇದಕ್ಕಿಂತ ಹಗುರ ಮಾಡಲು ಹೊರಟರೆ ಪ್ರತಿ ನೂರು ಗ್ರಾಂಗೆ ಸಾವಿರಾರು ರೂಪಾಯಿ ಕೇಳುತ್ತಾರೆ. ಅಲ್ಲಿ ನಾನು ನಿಂತೆ. ಹಿಮಾಲಯಕ್ಕೆ ಹೋಗುವವರು ಈ ಪಟ್ಟಿ ನಂಬಬಾರದು. ಅಲ್ಲಿಯ ಚಳಿಗೆ ಬೇಕಾದ ಬ್ಯಾಗು, ಜಾಕೆಟ್ಟನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದೇ ಲೇಸು. ವರ್ಷಕ್ಕೊಮ್ಮೆ ಬಳಸುವ ಸಾಮಾನಿಗೆ ಮನೆಯಲ್ಲಿ ಜಾಗವೇಕೆ?

ಹಣ ಉಳಿಸಬಾರದ ಕಡೆಗಳೂ ಇವೆ. ಟಾರ್ಚು ಎರಡು ಇರಲಿ, ಎರಡನೆಯದು ಚಿಕ್ಕದಾದರೂ ಸರಿ. ಬ್ಯಾಂಡೇಜು, ಓಆರ್‌ಎಸ್, ನಿಮ್ಮ ನಿತ್ಯದ ಮಾತ್ರೆ. ಒಂದು ಸೀಟಿ, ಮೂರು ಸಲ ಊದಿ ನಿಲ್ಲಿಸಿ ಮತ್ತೆ ಮೂರು ಸಲ ಊದಿದರೆ ಆಪತ್ತಿನ ಕರೆ. ವಿದೇಶದ ಒಂಟಿ ಪ್ರವಾಸಿಗಳು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಯ್ಯುವುದನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ, ತರಿಸಿಕೊಳ್ಳಬೇಡಿ. ಅದರ ಬದಲಿಗೆ ಖರ್ಚಿಲ್ಲದ ಒಂದು ಉಪಾಯವಿದೆ. ಎಲ್ಲಿಗೆ ಹೋಗುತ್ತೇನೆ, ಯಾರ ಜಾಗದಲ್ಲಿ ಮಲಗುತ್ತೇನೆ, ನಾಳೆ ಎಷ್ಟು ಗಂಟೆಯೊಳಗೆ ಫೋನ್ ಮಾಡದಿದ್ದರೆ 112ಕ್ಕೆ ಕರೆ ಮಾಡಬೇಕು ಎಂದು ಚೀಟಿಯಲ್ಲಿ ಬರೆದು ಮನೆಯಲ್ಲಿ ಕೊಟ್ಟು ಹೊರಡಿ.

ಮಲೆನಾಡಿಗೆ ಹೋಗುವವರು ಇನ್ನೊಂದನ್ನು ತಿಳಿದಿರಬೇಕು. ಬಯಲಲ್ಲಿ ಮಲಗಲು ಹಿತವಾದ ನವೆಂಬರ್‌ನಿಂದ ಮೇವರೆಗಿನ ಕಾಲವೇ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಹರಡುವುದು ಉಣುಗುಗಳಿಂದ. ಒಣ ತರಗೆಲೆಯಲ್ಲಿ ಅಡಗಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಉಣುಗು ಕಚ್ಚಿದರೆ ಸಾಕು. ಹಾಗಾಗಿ ಮೆತ್ತಗಿರುತ್ತದೆಂದು ತರಗೆಲೆಯ ಮೇಲೆ ಮ್ಯಾಟು ಹಾಸಲೇಬೇಡಿ. ಗುಡಿಸಿದ ಅಂಗಳ, ಕಣ, ಬಂಡೆ ಆರಿಸಿಕೊಳ್ಳಿ. ಮಂಗ ಸತ್ತ ಸುದ್ದಿಯಿರುವ ಊರಿನ ಕಾಡಿಗೆ ಕಾಲಿಡಬೇಡಿ. ಆರೋಗ್ಯ ಇಲಾಖೆ ಆ ಭಾಗದ ಜನರಿಗೆ ಹಂಚುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಬಂದ ಮೇಲೆ ಬಿಸಿನೀರಿನಲ್ಲಿ ಮೈ ತೊಳೆದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಒಂದು ವಾರದ ಆಸುಪಾಸಿನಲ್ಲಿ ದಿಢೀರ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ಎಲ್ಲಿ ಮಲಗಿದ್ದೆ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಎಲ್ಲಿ ಮಲಗಬಹುದು ಎಂಬ ಪ್ರಶ್ನೆ ಸಾಮಾನಿಗಿಂತ ದೊಡ್ಡದು. ಅಭಯಾರಣ್ಯಗಳೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಬೆಂಕಿ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡನ್ನೂ ಸ್ಪಷ್ಟವಾಗಿ ಹೇಳುತ್ತದೆ. ಕುಮಾರ ಪರ್ವತದಲ್ಲಿ 2024ರ ಜನವರಿ ಕೊನೆಯ ರಜೆಯಲ್ಲಿ ಸಾವಿರಾರು ಜನ ಒಮ್ಮೆಲೇ ನುಗ್ಗಿದ ಮೇಲೆ ಚಾರಣಕ್ಕೆ ನಿರ್ಬಂಧಗಳು ಬಂದವು, ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಬಿಗಿ ಮಾಡಿತು. ಅದು ಸರಿಯಾದ ಕ್ರಮ ಎಂದೇ ನನ್ನ ಅಭಿಪ್ರಾಯ. ಒಂಟಿಯಾಗಿ ಟೆಂಟು ಹಾಕುವ ಆಸೆಗೆ ಕಾಡಿನ ನಡುವೆಯೇ ಆಗಬೇಕೆಂದಿಲ್ಲ. ಹೋಂಸ್ಟೇಯ ಅಂಗಳ, ಪರಿಚಯದವರ ತೋಟ, ಹೊಲದ ಬದು ಸಾಕು. ಒಂದು ಮನೆಯ ದೀಪ ಕಾಣುವಷ್ಟು ದೂರ ನನ್ನ ಮಿತಿ. ಸಕಲೇಶಪುರದ ಕಡೆ ರಾತ್ರಿ ಆನೆ ಓಡಾಡುತ್ತದೆ, ಅಲ್ಲಿ ಮನೆಯವರು ತೋರಿಸಿದ ಜಾಗ ಬಿಟ್ಟು ಒಂದು ಹೆಜ್ಜೆ ಆಚೆ ಮಲಗುವುದಿಲ್ಲ. ತೆಂಗು, ಅಡಿಕೆ ಮರದ ನೇರ ಕೆಳಗೂ ಬೇಡ, ಸೋಗೆ ಬೀಳುತ್ತದೆ. ಒಣಗಿದ ಹಳ್ಳದ ಪಾತ್ರ ಎಷ್ಟೇ ಸಮತಟ್ಟಾಗಿ ಕಂಡರೂ ಬೇಡ.

ಇಷ್ಟು ಓದಿ ಅಂಗಡಿಗೆ ಹೊರಡುವ ಮನಸ್ಸಾಗಿದ್ದರೆ ಒಂದು ವಾರ ತಡೆಯಿರಿ. ಈ ಶನಿವಾರ ರಾತ್ರಿ, ಮನೆಯಲ್ಲಿ ಏನಿದೆಯೋ ಅದನ್ನೇ ಎತ್ತಿಕೊಂಡು ತಾರಸಿಗೆ ಹೋಗಿ ಮಲಗಿ. ಚಾಪೆ, ಹೊದಿಕೆ, ಸೊಳ್ಳೆಪರದೆ, ಒಂದು ತಂಬಿಗೆ ನೀರು. ತಲೆದೆಸೆಯಲ್ಲಿ ಪೆನ್ನು, ಒಂದು ಹಾಳೆ. ಎಚ್ಚರವಾದಾಗಲೆಲ್ಲ ಗಂಟೆ ಎಷ್ಟು, ಯಾಕೆ ಎಚ್ಚರವಾಯಿತು ಎಂದು ಒಂದು ಸಾಲು ಬರೆಯಿರಿ. ಬೆನ್ನು ತಣ್ಣಗಾಯಿತು, ಸೊಳ್ಳೆ, ಬೀದಿನಾಯಿ, ಇಬ್ಬನಿ, ಬಾಯಾರಿಕೆ. ಬೆಳಿಗ್ಗೆ ಆ ಹಾಳೆಯಲ್ಲಿ ಇರುವುದೇ ನಿಮ್ಮ ಖರೀದಿಯ ಪಟ್ಟಿ. ಅದನ್ನು ಹಿಡಿದು ಅಂಗಡಿಗೆ ಹೋಗಿ.